ನೀರಗಂಟಿಯ ಕೋಟಿನ ಗುಂಡಿ

ಅತ್ತಿಗೆಯ ಕಾಲುಂಗುರ ಹುಡುಕಲು ಹೋಗಿ ನನಗೆ ಆ ಗುಂಡಿ ಸಿಕ್ಕಿತು.

ಶ್ರೀನಿವಾಸಪುರದಿಂದ ಗೌನಿಪಲ್ಲಿಗೆ ಹೋಗುವ ರಸ್ತೆಯಲ್ಲಿ ಬಲಕ್ಕೆ ತಿರುಗಿದರೆ ನಮ್ಮೂರು. ಕೆರೆಯ ಏರಿಯ ಕೆಳಗೆ ಮನೆಗಳು. ಊರು ದಾಟಿ ಅರ್ಧ ಮೈಲಿ ಹೋದರೆ ಕೆಂಪು ದಿಬ್ಬದ ಮೇಲೆ ನಮ್ಮ ಮಾವಿನ ತೋಪು. ಅಲ್ಲಿ ಕಳೆ ತೆಗೆಯುವಾಗ ಅತ್ತಿಗೆ ಮುನಿಲಕ್ಷ್ಮಿಯವರ ಕಾಲುಂಗುರ ಜಾರಿತ್ತು. ಗುರುವಾರ ನನಗೆ ವಾರದ ರಜೆ. ಲೋಹ ಹುಡುಕುವ ಕೋಲು ಹಿಡಿದು ಹೊರಟೆ.

ಆ ಕೋಲನ್ನು ನರಸಾಪುರದ ಕಂಪನಿಯಲ್ಲಿ ನನ್ನ ಜೊತೆಗಿದ್ದವನೊಬ್ಬ ಕೆಲಸ ಬಿಡುವಾಗ ಕೊಟ್ಟು ಹೋಗಿದ್ದ. ಇತಿಹಾಸದಲ್ಲಿ ಎಂ.ಎ. ಮಾಡಿದ ನಾನು ಅದೇ ಕಂಪನಿಯಲ್ಲಿ ಸಣ್ಣ ಸಣ್ಣ ಲೋಹದ ಭಾಗಗಳನ್ನು ಭೂತಗನ್ನಡಿಯ ಕೆಳಗೆ ಹಿಡಿದು, ಸರಿಯಿದ್ದವನ್ನು ಒಂದು ಡಬ್ಬಕ್ಕೆ, ಸರಿಯಿಲ್ಲದವನ್ನು ಇನ್ನೊಂದಕ್ಕೆ ಹಾಕುತ್ತೇನೆ. ಊರಿನವರಿಗೆ ಏನಾದರೂ ಕಳೆದರೆ ನನ್ನನ್ನು ಕರೆಯುತ್ತಾರೆ. ಹಿಪ್ಪುನೇರಳೆ ತೋಟದಲ್ಲಿ ಬಿದ್ದ ಮೂಗುಬೊಟ್ಟು, ರಾಗಿ ಹೊಲದಲ್ಲಿ ಮರೆತ ಕುಡುಗೋಲು, ಒಮ್ಮೆ ಬೈಕಿನ ಕೀಲಿ. ಸಿಕ್ಕಿದಾಗ ಅವರಿಗೆ ಸಂತೋಷ. ನನಗೆ ಬೇಕಾಗಿರುವುದು ಸಿಗುವುದಕ್ಕೆ ಮುಂಚಿನ ಹೊತ್ತು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನೆಲವನ್ನು ಸವರುತ್ತಾ ನಡೆದರೆ ಊರಿನ ಸದ್ದು ಹೋಗುತ್ತದೆ, ನೆಲದ ಸುಮ್ಮನಿರುವಿಕೆ ಮಾತ್ರ ಉಳಿಯುತ್ತದೆ. ಕೋಲು ಕೂಗಲಿಲ್ಲವೆಂದರೆ ಕೆಳಗೆ ಏನೂ ಇಲ್ಲ ಎಂದು ಹೇಳಲಾಗುವುದಿಲ್ಲ. ಅಷ್ಟು ಆಳಕ್ಕೆ ಅದು ಮುಟ್ಟಿಲ್ಲ ಎಂದಷ್ಟೇ ಹೇಳಬಹುದು.

ಮೂರನೆಯ ಸಾಲಿನ ಹಳೆಯ ಮರದ ಬುಡದಲ್ಲಿ ಅದು ಕೂಗಿತು. ಒಂದು ಗೇಣು ಅಗೆದಾಗ ಹಸಿರು ಕಿಲುಬು ಹಿಡಿದ, ಎಂಟಾಣೆಯಷ್ಟು ಅಗಲದ ಬಿಲ್ಲೆ ಬಂತು. ಮುಂಭಾಗ ಉಬ್ಬಿತ್ತು. ಹಿಂಭಾಗದ ಗುಳಿಯಲ್ಲಿ ಮಣ್ಣು ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು, ಅದರೊಳಗಿಂದ ದಾರ ಪೋಣಿಸುವ ಕೊಂಡಿಯ ತುದಿ ಇಣುಕುತ್ತಿತ್ತು. ಉಗುಳು ಹಚ್ಚಿ ಹೆಬ್ಬೆರಳಲ್ಲಿ ಒರೆಸಿದಾಗ ಎರಡು ತಲೆಯ ಹಕ್ಕಿಯ ಒಂದು ಕೊಕ್ಕು ಕಂಡಿತು. ಗಂಡಭೇರುಂಡ. ಸುತ್ತ ಅಕ್ಷರಗಳಿದ್ದವು. ‘ಬೆಳ್ಳಿ ಹ’ ಎನ್ನುವಷ್ಟು ಓದಲು ಬಂತು.

ಕಾಲುಂಗುರ ಆಮೇಲೆ ಮನೆಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಸಿಕ್ಕಿತು.

ಗುಂಡಿಯನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟು ಮರುದಿನ ಬೆಳಗಿನ ಶಿಫ್ಟಿಗೆ ಹೋದೆ. ಸಂಜೆ ಕಂಪನಿ ಬಸ್ಸಿಳಿದು ಮನೆಗೆ ಬಂದರೆ ಅದು ದೇವರ ಗೂಡಿನಲ್ಲಿ ದೀಪದ ಪಕ್ಕ ಚಿನ್ನದಂತೆ ಹೊಳೆಯುತ್ತಿತ್ತು. ಶುಕ್ರವಾರ. ಅಮ್ಮ ದೀಪದ ಕಂಬಗಳ ಜೊತೆಗೆ ಅದನ್ನೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿಬಿಟ್ಟಿದ್ದಳು.

“ಅಮ್ಮಾ, ಇದನ್ಯಾಕೆ ತೊಳೆದೆ?”

“ಮಹಾರಾಜರ ಹಕ್ಕಿ ಕಣೋ ಅದು. ಕಿಲುಬು ಹಿಡಿದಿರೋದನ್ನ ಹಂಗೇ ಇಡೋಕಾಗುತ್ತಾ? ಹಿಂದ್ಗಡೆ ಮಣ್ಣು ಮಾತ್ರ ಬರ್ಲಿಲ್ಲ.” ಅಮ್ಮ ಕೈ ಒರೆಸಿಕೊಂಡು ಅದನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ದನಿ ತಗ್ಗಿಸಿದಳು. “ಕದಿರಾ, ಇದು ನೀರಗಂಟಿ ಗುಂಡಿ ಅಲ್ವೇನೋ?”

ನಮ್ಮೂರಿನಲ್ಲಿ ಆ ಮಾತು ಗಾದೆಯಾಗಿ ಹೋಗಿದೆ. ಯಾರಾದರೂ ಸುಳ್ಳು ನೆಪ ಹೇಳಿದರೆ, ಮಾರಿಕೊಂಡ ವಸ್ತುವನ್ನು ಕಳೆದುಹೋಯಿತು ಎಂದರೆ, ‘ಹೂಂ, ನೀರಗಂಟಿ ಗುಂಡಿ ನೀರಿಗೆ ಹೋಯ್ತು’ ಎನ್ನುತ್ತಾರೆ. ನಾನೂ ಶಾಲೆಯಲ್ಲಿ ಎಷ್ಟೋ ಸಲ ಅಂದಿದ್ದೇನೆ.

ಕೆರೆಯ ತೂಬು ತೆಗೆದು, ಮುಚ್ಚಿ, ಗದ್ದೆಗದ್ದೆಗೆ ನೀರು ಹಂಚುವವನು ನೀರಗಂಟಿ. ಚಿಕ್ಕವೆಂಕಟಪ್ಪ ಎಂಬ ನೀರಗಂಟಿಗೆ ಮಹಾರಾಜರ ಬೆಳ್ಳಿಹಬ್ಬದ ವರ್ಷ ಅಮಲ್ದಾರರು ಒಂದು ಕೋಟು ಕೊಟ್ಟಿದ್ದರಂತೆ. ಅದರ ಎದೆಯ ಮೇಲಿನ ಒಂದು ಗುಂಡಿ ಹಬ್ಬದ ನೆನಪಿಗೆ ಮಾಡಿಸಿದ್ದು. ಇಪ್ಪತ್ತೈದು ವರ್ಷ ಅವನು ಆ ಕೋಟು ಹಾಕಿದ. ಒಂದು ಕಾರ್ತಿಕದಲ್ಲಿ ಮೂರು ದಿನ ಬಿಡದೆ ಮಳೆ. ನಾಲ್ಕನೆಯ ದಿನ ಬೆಳಗಿನ ಜಾವ ಅವನು ಕೋಟು ಹಾಕಿಕೊಂಡು ತಾಲ್ಲೂಕು ಕಚೇರಿಗೆ ಹೊರಟಿದ್ದಾಗ, ಏರಿಯ ಹಳೆಯ ಬಿರುಕಿನಲ್ಲಿ ನೀರು ಜಿನುಗುವುದನ್ನು ಕಂಡ. ತೂಬಿಗೆ ಕೊಂಬೆ ಸಿಕ್ಕಿಕೊಂಡು ತೆರೆಯುತ್ತಿರಲಿಲ್ಲ. ಕರೆಯಲು ಹತ್ತಿರ ಯಾರೂ ಇರಲಿಲ್ಲ. ಕೋಟು ಬಿಚ್ಚುವಷ್ಟೂ ನಿಲ್ಲದೆ ಮುಳುಗಿ ಕೊಂಬೆ ಎಳೆದು ಹಾಕಿದ. ಜನ ಎದ್ದು ಬರುವಷ್ಟರಲ್ಲಿ ಕೆರೆ ಇಳಿಯುತ್ತಿತ್ತು. ಎದೆಯ ಗುಂಡಿ ಇರಲಿಲ್ಲ.

ಇದು ಅವನು ಹೇಳಿದ ಕತೆ. ಊರು ಹೇಳಿದ್ದೇ ಬೇರೆ. ಮಳೆ ನಿಂತಿತು, ಕೆರೆ ತಾನಾಗಿ ಇಳಿಯಿತು. ಇವನು ಗುಂಡಿಯನ್ನು ಹೆಂಡದಂಗಡಿಗೆ ಕೊಟ್ಟು ಈಗ ಮುಳುಗಿದೆ ಎನ್ನುತ್ತಾನೆ. ಆ ದಿನ ಊರಿಗೆ ಊರೇ ನೆಂದಿತ್ತು. ಅವನೊಬ್ಬನ ಒದ್ದೆ ಯಾರಿಗೆ ಕಾಣಬೇಕು. ಎರಡನೆಯ ಸಲ ಅವನು ಆ ಮಾತು ಎತ್ತಲಿಲ್ಲವಂತೆ. ಕೋಟನ್ನೂ ಹಾಕಲಿಲ್ಲ.

ಅವನ ಮಗಳು ದೊಡ್ಡಮುನಿಯಮ್ಮ ಈಗಲೂ ಇದ್ದಾರೆ. ಅವರ ಮೊಮ್ಮಗಳು ಅನಿತ ನನ್ನ ಜೊತೆ ಅದೇ ಕಂಪನಿ ಬಸ್ಸಿನಲ್ಲಿ ನರಸಾಪುರಕ್ಕೆ ಬರುತ್ತಾಳೆ. ಅಜ್ಜಿಗೆ ಎಂಬತ್ತೈದು ದಾಟಿರಬೇಕು, ಕಣ್ಣು ಮಂಜು. ಬೀದಿಯಲ್ಲಿ ಯಾರಾದರೂ ಆ ಗಾದೆ ಅಂದಾಗ ಅವರ ಮುಖ ನೋಡಿದ್ದೇನೆ. ಅದರಲ್ಲಿ ಕೋಪ ಇರುವುದಿಲ್ಲ, ಏನೂ ಇರುವುದಿಲ್ಲ. ಮಾತು ದಾಟಿ ಹೋಗುವವರೆಗೆ ಕಾಯುತ್ತಾರೆ, ಅಷ್ಟೆ.

ಮರುದಿನ ಹಾಲಿನ ಡೈರಿಯ ಮುಂದೆ ಸುದ್ದಿ ಆಗಲೇ ನಿಂತಿತ್ತು. ಹಾಲು ಅಳೆಯುವ ಮುನಿಕೃಷ್ಣ ನನ್ನನ್ನು ಕಂಡು ಲೀಟರನ್ನು ಕ್ಯಾನಿನಲ್ಲೇ ಬಿಟ್ಟ.

“ಏನ್ಲಾ ಕದಿರಾ, ನೀರಗಂಟಿ ಗುಂಡಿ ನೀರಿಂದ ಎದ್ದು ಬಂತಂತೆ. ನಿಮ್ಮ ತೋಪಿಗೆ ನಡ್ಕೊಂಡು ಬಂತಾ, ಬಸ್ಸಲ್ಲಿ ಬಂತಾ?”

“ಸಿಕ್ಕಿದ್ದಂತೂ ನಿಜ ಕಣೋ.”

“ನಿಂಗೆ ಸಿಗದೇ ಇರುತ್ತಾ? ಬೆಂಗ್ಳೂರಲ್ಲಿ ಇಂಥವು ಮೂಟೆಗಟ್ಲೆ ಮಾರ್ತಾರೆ. ಮುದುಕಿಗೆ ಸಮಾಧಾನ ಆಗ್ಲಿ ಅಂತ ತಂದಿದ್ದೀಯ. ಒಳ್ಳೇ ಕೆಲ್ಸ, ಬಿಡು. ಚಿನ್ನದಂಗೆ ಹೊಳೀತಂತೆ. ಅಷ್ಟು ಹೊಳಪಿರೋ ಹಳೇದನ್ನ ನಾನಂತೂ ನೋಡಿಲ್ಲಪ್ಪ.”

ಹೊಳಪು ನಮ್ಮಮ್ಮನದು ಎಂದರೆ ಇನ್ನೂ ನಗುತ್ತಿದ್ದರು.

ಮಾಲೂರಿನಲ್ಲಿ ಮುರಳೀಕೃಷ್ಣ ಎಂಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರಿದ್ದಾರೆ. ನಲವತ್ತು ವರ್ಷದಿಂದ ನಾಣ್ಯ, ಬಿಲ್ಲೆ, ಹಳೆಯ ಮುದ್ರೆ ಕೂಡಿಸಿದವರು. ಎಂ.ಎ. ಓದುವಾಗ ಒಮ್ಮೆ ಅವರ ಮನೆಗೆ ಹೋಗಿದ್ದೆ. ಸ್ಟೇಷನ್ನಿಗೆ ಹತ್ತಿರದ ಮನೆ. ರೈಲು ಬಂದಾಗ ಅವರು ಎಂಥ ಮಾತಿನ ನಡುವೆಯೂ ನಿಲ್ಲಿಸುತ್ತಾರೆ; ಕೊನೆಯ ಬೋಗಿ ದಾಟಿದ ಮೇಲೆ ಅದೇ ಪದದಿಂದ ಮುಂದುವರಿಸುತ್ತಾರೆ. ಮುಂದಿನ ಗುರುವಾರ ಗುಂಡಿಯನ್ನು ಬಟ್ಟೆಯಲ್ಲಿ ಸುತ್ತಿ ಕೊಂಡೊಯ್ದೆ.

ಅವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಯಾರಪ್ಪಾ ಇದಕ್ಕೆ ಹುಣಸೆಹಣ್ಣು ಹಾಕಿದ್ದು?”

“ನಮ್ಮ ತಾಯಿ, ಮೇಷ್ಟ್ರೇ.”

“ಆ ಕಿಲುಬೇ ಇದರ ಜಾತಕ. ಎಷ್ಟೋ ವರ್ಷ ಮಣ್ಣಲ್ಲಿ ಕೂತು ಬರೆಸ್ಕೊಂಡಿದ್ದನ್ನ ಒಂದು ಶುಕ್ರವಾರ ಅಳಿಸಿಬಿಟ್ರು.” ಅವರು ಬೈಯಲಿಲ್ಲ, ನಿಟ್ಟುಸಿರಿಟ್ಟರು. “ಇಲ್ಲಿ ನೋಡು. ರೆಕ್ಕೆಯ ಗರಿ ಕಾಣಲ್ಲ. ಬಲಗಡೆ ತಲೆಗೆ ಕಣ್ಣಿದೆ, ಎಡಗಡೆ ತಲೆ ಬರೀ ಉಬ್ಬು. ಅಕ್ಷರದ ಅಂಚು ಕರಗಿದ ಬೆಣ್ಣೆ ಥರ. ಅಚ್ಚೊತ್ತಿದ್ದು ಹಿಂಗಿರಲ್ಲ, ಗೆರೆ ಚೂಪಾಗಿರುತ್ತೆ. ಒಂದು ಅಸಲಿಯಿಂದ ಮಣ್ಣಲ್ಲಿ ಪಡಿಯಚ್ಚು ತೆಗೆದು ಎರಕ ಹೊಯ್ದರೆ ಹಿಂಗೆ ಮೆತ್ತಗೆ ಬರುತ್ತೆ. ಹೋಟೆಲ್ ಬಾಗಿಲಲ್ಲಿ ಪೇಟ ಕಟ್ಟಿ ನಿಲ್ಲಿಸ್ತಾರಲ್ಲ, ಅವರ ಕೋಟಿಗೆ...”

ರೈಲು ಬಂತು. ನಾನು ಅವರ ಮುಖವನ್ನೇ ನೋಡುತ್ತಾ ಕೂತೆ. ಅಷ್ಟು ಉದ್ದದ ರೈಲನ್ನು ನಾನು ಕಂಡಿಲ್ಲ.

“ಕೋಟಿಗೆ ಇಂಥವನ್ನೇ ಹೊಲಿಸ್ತಾರೆ,” ಎಂದರು.

“ಹಾಗಾದರೆ ನಕಲಾ?”

“ನೂರಕ್ಕೆ ಎಂಬತ್ತು ಪಾಲು. ಹಿಂಭಾಗ ನೋಡದೆ ಪೂರ್ತಿ ಹೇಳಲ್ಲ. ಅಲ್ಲಿ ಮಣ್ಣು ಕಚ್ಚಿದೆ. ಸೂಜಿ ಹಾಕಿ ಕೆರೆದರೆ ಇದ್ದದ್ದೂ ಹಾಳು. ನೀರಲ್ಲಿ ನೆನೆಹಾಕು. ನಿಮ್ಮ ಕಡೆ ಬೋರ್ ನೀರು ಬೇಡ, ಬಿಳಿ ಕಟ್ಟುತ್ತೆ. ಫಿಲ್ಟರ್ ನೀರು ಹಾಕು. ಹತ್ತು ದಿನ ಆಗ್ಲಿ, ತಿಂಗಳಾಗ್ಲಿ, ಅದಾಗೇ ಬಿಡಬೇಕು. ಆಮೇಲೆ ತಗೊಂಡು ಬಾ.”

ಊರಿಗೆ ಬಂದಿಳಿದಾಗ ದೊಡ್ಡಮುನಿಯಮ್ಮಜ್ಜಿ ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ನನ್ನ ಹೆಜ್ಜೆಯ ಸದ್ದಿಗೆ ಕೈ ನಿಲ್ಲಿಸಿದರು.

“ಭಾರತಮ್ಮನ ಮಗನಾ? ಬಾ, ಕೂತ್ಕೋ ನಾಯನಾ.” ನಮ್ಮ ಕಡೆ ಅಪ್ಪನನ್ನೂ, ಅಕ್ಕರೆಯ ಹುಡುಗನನ್ನೂ ಹಾಗೇ ಕರೆಯುತ್ತಾರೆ.

ಕೂತೆ. ಅವರೇ ಕೇಳಲಿ ಎಂದು ನಾನು, ನಾನೇ ಹೇಳಲಿ ಎಂದು ಅವರು. ನಾನೂ ಮೊರದಿಂದ ಒಂದು ಹಿಡಿ ಕಾಯಿ ತೆಗೆದುಕೊಂಡೆ.

“ಮಾಲೂರಿನಾಯಪ್ಪ ಏನಂದ?” ಎಂದರು ಕೊನೆಗೆ.

ಸುಳ್ಳು ಹೇಳಬಹುದಿತ್ತು. ಗುಂಡಿ ಜೇಬಿನಲ್ಲಿತ್ತು, ಅವರ ಕೈಯಲ್ಲಿಟ್ಟು ‘ನಿಮ್ಮಪ್ಪನದೇ’ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಎಪ್ಪತ್ತು ವರ್ಷ ಸುಮ್ಮನೆ ಕಾದವರ ಮುಂದೆ ಕೂತು ಅದು ಬಾಯಿಗೆ ಬರಲಿಲ್ಲ.

“ನಕಲು ಇರಬೇಕು ಅಂದ್ರು ಅಜ್ಜಿ. ಪೂರ್ತಿ ಹೇಳಿಲ್ಲ. ತೋರಿಸ್ಲಾ? ನನ್ನ ಹತ್ರಾನೇ ಇದೆ.”

“ಬೇಡ,” ಎಂದರು, ಕೈಯನ್ನು ಮೊರದ ಮೇಲಿಂದ ಮಡಿಲಿಗೆ ಎಳೆದುಕೊಂಡು. “ನಮ್ಮ ನಾಯ್ನನ್ನ ಸುಳ್ಳುಗಾರ ಅಂದ್ರು. ಈಗ ಸುಳ್ಳಿಂದು ಒಂದು ತಂದು ಅವನ ಹೆಸ್ರಿಗೆ ಹಚ್ಚಿದ್ರೆ, ಅವ್ರು ಅಂದಿದ್ದೇ ನಿಜ ಆಗುತ್ತೆ. ದಿಟ ಆದ್ರೆ ಕೊಡು. ಇಲ್ದಿದ್ರೆ ನನ್ನ ಕೈಗೆ ಮುಟ್ಟಿಸ್ಬೇಡ.”

ಮತ್ತೆ ಅವರೆಕಾಯಿಗೆ ಕೈ ಹಾಕಿ, ತಮ್ಮಷ್ಟಕ್ಕೇ ಹೇಳಿಕೊಂಡಂತೆ ಮಾತಾಡಿದರು. “ನಾನು ಇಷ್ಟುದ್ದ ಇದ್ದಾಗಿಂದ್ಲೂ ಅದನ್ನ ತಿಕ್ಕೋದು ನನ್ನ ಕೆಲ್ಸ. ಶುಕ್ರವಾರ ಶುಕ್ರವಾರ. ನಾಯ್ನ ಕೋಟು ಬಿಚ್ತಿರ್ಲಿಲ್ಲ. ಕಟ್ಟೆ ಮೇಲೆ ಕೂತ್ಕೊಳ್ಳೋನು, ನಾನು ಅವನ ಮುಂದೆ ಮೊಣಕಾಲೂರಿ ಹುಣಸೆಹಣ್ಣಲ್ಲಿ ಉಜ್ಜೋಳು. ಕೋಟಿಗೆ ಹುಳಿ ತಾಕಿಸ್ಬೇಡವೇ ಅನ್ನೋನು. ಅದಕ್ಕೆ ಎಡಗೈಯಲ್ಲಿ ಬಟ್ಟೆ ಹಿಡಿದು, ಬಲಗೈ ಹೆಬ್ಬೆಟ್ಟಲ್ಲಿ ಒಂದೇ ಕಡೆಯಿಂದ ಉಜ್ಜೋಳು. ನಮ್ಮವ್ವ ನಗೋಳು, ಹಕ್ಕಿ ತಲೆ ಕಿತ್ತು ಬರುತ್ತೆ ಬಿಡೇ ಅಂತ.”

ಎಡಗಡೆ ತಲೆ ಬರೀ ಉಬ್ಬು ಎಂದು ಮೇಷ್ಟ್ರು ಹೇಳಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಈಗಲೂ ಹೇಳಲಿಲ್ಲ. ಪೂರ್ತಿ ಗೊತ್ತಾಗದ ಆಸೆಯನ್ನು ಆ ವಯಸ್ಸಿನವರ ಕೈಗೆ ಕೊಡಬಾರದು.

ಫಿಲ್ಟರ್ ನೀರಿನ ಬಟ್ಟಲನ್ನು ನನ್ನ ಮೇಜಿನ ಮೇಲಿಟ್ಟೆ. ‘ಮುಟ್ಟಬೇಡ’ ಎಂದು ಚೀಟಿ ಬರೆದು ಅಂಟಿಸಿದೆ. ಅಮ್ಮ ಅದನ್ನು ಓದಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ತಾನೇ ನೀರು ಬದಲಾಯಿಸಿ, “ಹಳೇ ನೀರು ಚೆಲ್ಲಿಲ್ಲ, ಲೋಟದಲ್ಲಿಟ್ಟಿದ್ದೀನಿ. ಅದರಲ್ಲೂ ಏನಾದ್ರೂ ಇರಬಹುದು,” ಎಂದಳು. ಅದು ಅವಳ ಕ್ಷಮಾಪಣೆ. ಆಗ ಅದರ ಬೆಲೆ ನನಗೆ ಗೊತ್ತಾಗಲಿಲ್ಲ.

ಹದಿನಾರನೆಯ ದಿನ ಮಣ್ಣಿನ ಹೆಂಟೆ ಇಡಿಯಾಗಿ ಬಿಟ್ಟಿತು. ಬಟ್ಟಲ ತಳದಲ್ಲಿ ಕೂತದ್ದನ್ನು ನೋಡಿ ಮೊದಲು ಕಿಲುಬಿನ ಬಣ್ಣ ಎಂದುಕೊಂಡೆ. ಅಮ್ಮ ತೆಗೆದಿಟ್ಟಿದ್ದ ಲೋಟದ ತಳದಲ್ಲೂ ಅದೇ ಬಣ್ಣ. ನುಣ್ಣಗಿನ, ಕಾಡಿಗೆಯಂಥ ಕಪ್ಪು. ನಮ್ಮ ತೋಪಿನ ಮಣ್ಣು ಕೆಂಪು. ತೋಪಿಗೆ ಹೋಗಿ ಒಂದು ಹಿಡಿ ತಂದು ಪಕ್ಕದಲ್ಲಿಟ್ಟು ನೋಡಿದೆ. ಒಂದೇ ಊರಿನ ಮಣ್ಣು ಎನ್ನುವಂತಿರಲಿಲ್ಲ.

ಗುಂಡಿಯನ್ನು ಒಣಗಿಸಿ ಮೇಷ್ಟ್ರ ಬಳಿಗೆ ಹೋದೆ. ಈ ಸಲ ಅವರು ಮೊದಲು ಹಿಂಭಾಗ ನೋಡಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು. ಒಂದು ರೈಲು ಬಂದು ಹೋಯಿತು, ಅವರಿಗೆ ಅದು ಕೇಳಿಸಿದಂತೆ ಕಾಣಲಿಲ್ಲ.

“ನಾನು ತಪ್ಪು ಹೇಳ್ದೆ ಕದಿರೇಶ,” ಎಂದರು. “ಎರಕದ್ದಾದರೆ ಹಿಂದೆಯೂ ಮೆತ್ತಗಿರಬೇಕಿತ್ತು, ದಪ್ಪ ಇರಬೇಕಿತ್ತು. ಇದು ತೆಳು ತಗಡು, ಅಚ್ಚಲ್ಲಿ ಒತ್ತಿದ್ದು. ಒಳಗಿಂದ ನೋಡು, ಹಕ್ಕಿಯ ಗರಿಗಳು ಗುಳಿಗುಳಿಯಾಗಿ ಹೆಂಗಿವೆ. ಮುಂದೆ ಎಲ್ಲ ಗರಿ ಇದ್ದವು. ಯಾರೋ ತಿಕ್ಕಿ ತಿಕ್ಕಿ ಸವೆಸಿದ್ದಾರೆ. ನಿಮ್ಮಮ್ಮ ಒಂದು ದಿನ ತಿಕ್ಕಿದ್ದಕ್ಕೆ ಇಷ್ಟು ಹೋಗಲ್ಲ. ವರ್ಷಗಟ್ಟಲೆಯ ಕೆಲಸ ಇದು, ಅದೂ ಒಂದೇ ಕಡೆಯಿಂದ. ಕೋಟಿನ ಮೇಲೆ ಇದ್ದಾಗಲೇ ತಿಕ್ಕಿರೋದು, ಅದಕ್ಕೇ ಹಿಂದೆ ಒಂದು ಗೀರೂ ಇಲ್ಲ.”

ದೊಡ್ಡಮುನಿಯಮ್ಮಜ್ಜಿ ಹೇಳಿದ್ದನ್ನು ಆಗ ಅವರಿಗೆ ಹೇಳಿದೆ. ಅವರು ಎದ್ದು ಕಿಟಕಿಯ ಬಳಿ ನಿಂತರು.

“ನಾನು ಯಾವುದನ್ನ ನಕಲಿನ ಗುರುತು ಅಂದುಕೊಂಡೆನೋ ಅದು ಒಂದು ಮಗುವಿನ ಬೆರಳು,” ಎಂದರು. “ನಲವತ್ತು ವರ್ಷ ನೋಡ್ತಿದ್ದೀನಿ. ನೀನು ಎರಡನೇ ಸಲ ಬರದೇ ಇದ್ದಿದ್ರೆ ಇದೊಂದು ತಪ್ಪು ಹಂಗೇ ಉಳೀತಿತ್ತು. ಉಪಕಾರ ಆಯ್ತಪ್ಪ.” ಬೀಳ್ಕೊಡುವಾಗ ಬಾಗಿಲವರೆಗೆ ಬಂದು ಒಂದು ಮಾತು ಗಟ್ಟಿಯಾಗಿ ಹೇಳಿದರು. “ಇನ್ನು ಮೇಲೆ ಇದಕ್ಕೆ ಹುಣಸೆಹಣ್ಣು ತಾಕಿಸ್ಬೇಡಿ.”

ಊರಿಗೆ ಬಂದಾಗ ಮುನಿಕೃಷ್ಣ ಅಜ್ಜಿಯ ಜಗುಲಿಯ ಮುಂದೆಯೇ ಇದ್ದ, ಖಾಲಿ ಕ್ಯಾನ್ ಹಿಡಿದು ಅನಿತಳ ಜೊತೆ ಹಸುವಿನ ವಿಷಯ ಮಾತಾಡುತ್ತಾ. ನಾನು ಮೇಷ್ಟ್ರು ಹೇಳಿದ್ದನ್ನೆಲ್ಲ ಅಜ್ಜಿಗೆ ಹೇಳಿದೆ. ಅವನು ಕೇಳಿಸಿಕೊಂಡು ತಲೆ ಕೆರೆದುಕೊಂಡ.

“ಅಸಲೀನೇ ಇರ್ಲಿ ಕಣೋ. ತೂಬಲ್ಲಿ ಬಿದ್ದಿದ್ದು ದಿಬ್ಬದ ಮೇಲಿನ ನಿಮ್ಮ ತೋಪಿಗೆ ಹೆಂಗೆ ಹತ್ತುತ್ತೆ? ನಿಮ್ಮ ತಾತಂಗೆ ಮಾರಿದ್ದ ಅಂದ್ರೂ ಸರಿಹೋಗುತ್ತಲ್ಲ.”

ಆ ಪ್ರಶ್ನೆ ನನ್ನದೂ ಆಗಿತ್ತು. ಉತ್ತರದ ಅರ್ಧ ಮಾತ್ರ ನನ್ನ ಬಳಿ ಇತ್ತು. ಮನೆಯಿಂದ ಬಟ್ಟಲು ತಂದು ಅಜ್ಜಿಯ ಮುಂದಿಟ್ಟೆ. “ಗುಂಡಿ ಆಮೇಲೆ ಕೊಡ್ತೀನಿ. ಮೊದ್ಲು ಅದರ ಹಿಂದಿದ್ದ ಈ ಮಣ್ಣು ನೋಡಿ ಅಜ್ಜಿ.”

ಅವರು ಎರಡು ಬೆರಳಲ್ಲಿ ಚೂರು ತೆಗೆದು ಉಜ್ಜಿದರು. ಮೂಗಿಗೆ ಹಿಡಿದರು.

“ಗೋಡು,” ಎಂದರು. “ಕೆರೆ ತಳದಲ್ಲಿ ಕೂರೋ ಗೋಡು. ತೂಬಿನ ಬಾಯಲ್ಲಿ ಮಾತ್ರ ಇಷ್ಟು ನುಣ್ಣಗಿರುತ್ತೆ.”

“ಅದು ತೋಪಿಗೆ ಹೆಂಗ್ ಬಂತಜ್ಜಿ?” ಎಂದ ಮುನಿಕೃಷ್ಣ.

ಅಜ್ಜಿ ಆ ಚೂರನ್ನು ಮತ್ತೊಮ್ಮೆ ಬೆರಳಲ್ಲಿ ಉಜ್ಜಿದರು. ಅನಿತ ಏನೋ ಹೇಳಲು ಹೋದಳು, ನಾನು ಸನ್ನೆ ಮಾಡಿ ತಡೆದೆ.

“ನಾನೇ ಹೊತ್ತಿದ್ದು,” ಎಂದರು ಅಜ್ಜಿ. “ಇವರ ತಾತ ತೋಪು ಹಾಕಿದ ವರ್ಷ ಕೆರೆ ಒಣಗಿತ್ತು. ಸಸಿ ನೆಡೋ ಗುಣಿಗೆಲ್ಲ ಗೋಡು ತುಂಬಿಸ್ಬೇಕು ಅಂದ್ರು. ತೂಬಿನ ಹತ್ರ ಅಗೆಯೋರು, ನಾವು ಹೆಂಗಸ್ರು ಹತ್ತು ಜನ ಮಂಕರಿಯಲ್ಲಿ ಹೊರೋರು. ಆಗ ನಾಯ್ನ ಹೋಗಿ ಎರಡು ವರ್ಷ ಆಗಿತ್ತು. ಇಪ್ಪತ್ತು ದಿನ ಹೊತ್ವಿ. ಆ ದಿಬ್ಬ ಹತ್ತೋಷ್ಟರಲ್ಲಿ ಕತ್ತು ಮುರಿದೋಗೋದು.” ಅವರು ಬಟ್ಟಲನ್ನು ಮುಚ್ಚುವಂತೆ ಅಂಗೈ ಇಟ್ಟರು. “ಹತ್ತು ಜನದಲ್ಲಿ ಯಾರ ಮಂಕರೀಲಿತ್ತೋ. ನನ್ನ ತಲೆ ಮೇಲೇ ಇತ್ತು ಅಂದ್ಕೊಂಡ್ರೆ ಯಾರಿಗೇನು ನಷ್ಟ?”

ಮುನಿಕೃಷ್ಣ ಕ್ಯಾನನ್ನು ಸದ್ದಾಗದಂತೆ ಕೆಳಗಿಟ್ಟ.

ನಾನು ಏರಿಯ ಕಡೆ ನೋಡಿದೆ. ಜಗುಲಿಯಿಂದ ಅದು ನೇರ ಕಾಣುತ್ತದೆ. ಅದರ ಬುಡದಲ್ಲಿ ಮೊದಲನೆಯ ಮನೆ ನಮ್ಮದು. ಆ ಬೆಳಗಿನ ಜಾವ ನಮ್ಮ ತಾತ, ಅಜ್ಜಿ, ತೊಟ್ಟಿಲಲ್ಲಿದ್ದ ನಮ್ಮ ದೊಡ್ಡಪ್ಪ ಅಲ್ಲೇ ಮಲಗಿದ್ದರು. ನಮ್ಮಪ್ಪ ಇನ್ನೂ ಹುಟ್ಟಿರಲಿಲ್ಲ. ಅವರಾರಿಗೂ ಎಚ್ಚರವಾಗಲಿಲ್ಲ. ಒಬ್ಬ ಮನುಷ್ಯ ಮುಳುಗಿ ಮೇಲೆದ್ದು, ಒದ್ದೆ ಕೋಟಿನಲ್ಲಿ ನಡುಗುತ್ತಾ ಕೂತು, ಅವರು ಏಳುವುದನ್ನು ಕಾದಿದ್ದ. ಎದ್ದವರು ನಕ್ಕಿದ್ದರು. ನಾನೂ ಶಾಲೆಯಲ್ಲಿ ನಕ್ಕಿದ್ದೆ. ಇಷ್ಟು ವರ್ಷ ನಾವು ಆ ಮನೆಯಲ್ಲಿ ಉಂಡು, ಮಲಗಿ, ಎದ್ದಿದ್ದೇವೆ.

ಗುಂಡಿಯನ್ನು ಬಟ್ಟೆಯಿಂದ ಬಿಡಿಸಿ ಅಜ್ಜಿಯ ಅಂಗೈಯಲ್ಲಿಟ್ಟೆ.

ಅವರು ಅದನ್ನು ಕಣ್ಣಿನ ಹತ್ತಿರಕ್ಕೆ ತರಲಿಲ್ಲ. ಎಡಗೈಯಲ್ಲಿ ಅಂಚು ಹಿಡಿದರು, ಬಟ್ಟೆ ಹಿಡಿದವರಂತೆ. ಬಲಗೈ ಹೆಬ್ಬೆರಳು ಅದರ ಮೇಲೆ ಬಂದು, ಒಂದು ಕ್ಷಣ ಸುಮ್ಮನಿದ್ದು, ತಾನಾಗಿ ಜಾರಿ ಕಣ್ಣಿಲ್ಲದ ಆ ತಲೆಯ ಮೇಲೆ ಹೋಗಿ ನಿಂತಿತು. ಮತ್ತೆ ಮೇಲಕ್ಕೆ ಬಂದು ಅದೇ ದಾರಿಯಲ್ಲಿ ಇಳಿಯಿತು. ಆ ಸವೆದ ಇಳಿಜಾರಿನಲ್ಲಿ ಬೆರಳು ಸರಿಯಾಗಿ ಕೂರುತ್ತಿತ್ತು. ಮೇಷ್ಟ್ರು ಹೇಳಿದ್ದು, ನಾನು ನೋಡಿದ್ದು, ಎಲ್ಲಕ್ಕಿಂತ ಅದು ಹೆಚ್ಚಿನ ಸಾಕ್ಷಿ ಎಂದು ನನಗನ್ನಿಸಿತು.

“ನಾಯ್ನಾ,” ಎಂದರು ಅಜ್ಜಿ. ಅದು ನಮಗೆ ಹೇಳಿದ್ದಲ್ಲ.

ಆಮೇಲೆ ನನ್ನ ಕಡೆ ತಿರುಗಿ, “ಉಪಕಾರ ಆಯ್ತು ಕಣಪ್ಪ,” ಎಂದರು.

ಹಾಗೆನ್ನಬೇಕಾದವನು ನಾನು. ಅವರ ಪಾದ ಮುಟ್ಟಿದೆ. ಗೋಡಿನ ಬೆರಳಲ್ಲೇ ಅವರು ನನ್ನ ತಲೆ ಸವರಿದರು.

ಮುನಿಕೃಷ್ಣ ಜಗುಲಿಯ ಹತ್ತಿರಕ್ಕೆ ಬಂದ. “ಅಜ್ಜಿ, ಒಂದ್ಸಲ ನಾನೂ ನೋಡ್ಲಾ?”

“ಕೈ ತೊಳ್ಕೊಂಡು ಬಾ ಹೋಗು,” ಎಂದರು ಅಜ್ಜಿ. ಅವನು ಬಚ್ಚಲಿಗೆ ಹೋದ. ಸೋಪು ಎಲ್ಲಿ ಎಂದು ಒಳಗಿಂದ ಅನಿತಳನ್ನು ಕೇಳುವುದು ಕೇಳಿಸಿತು.

ಅಜ್ಜಿ ನನ್ನನ್ನು ಹತ್ತಿರಕ್ಕೆ ಕರೆದರು. “ಕದಿರಾ, ನಾಳೆ ಶುಕ್ರವಾರ ಅಲ್ವಾ?”

“ಹೌದಜ್ಜಿ.”

“ನಮ್ಮನೇಲಿ ಹೊಸ ಹುಣಸೆಹಣ್ಣು ಇಲ್ಲ. ನಿಮ್ಮಮ್ಮಂಗೆ ಹೇಳಿ ಒಂದು ನಿಂಬೆಗಾತ್ರ ತಂದುಕೊಡ್ತೀಯಾ?”

ಮಾಲೂರಿನ ಮೇಷ್ಟ್ರು ಬಾಗಿಲವರೆಗೆ ಬಂದು ಹೇಳಿದ್ದು ನೆನಪಾಯಿತು.

“ತರ್ತೀನಿ ಅಜ್ಜಿ,” ಎಂದೆ.